ವಿಲ್ಲಿಸ್ ಕ್ಯಾರಿಯರ್

ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ (26 ನವೆಂಬರ್ 1876 – 7 ಅಕ್ಟೋಬರ್ 1950) ಅಮೆರಿಕ ಸಂಯುಕ್ತ ಸಂಸ್ಥಾನದ ಇಂಜಿನಿಯರ್ ಹಾಗೂ ಉದ್ಯಮಿ. ಆಧುನಿಕ ಹವಾನಿಯಂತ್ರಣದ ಜನಕರೆಂದು ಇವರು ಪ್ರಸಿದ್ಧರಾಗಿದ್ದಾರೆ. ಬೇಸಿಗೆಯ ಸೆಕೆಯಿಂದ ಮನುಷ್ಯರನ್ನು ಕಾಪಾಡುವುದಕ್ಕಾಗಿ ಇವರು ಹವಾನಿಯಂತ್ರಣ ಯಂತ್ರವನ್ನು ಕಂಡುಹಿಡಿದರೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ 1902ರಲ್ಲಿ ಅವರು ರೂಪಿಸಿದ ಮೊದಲ ವ್ಯವಸ್ಥೆ ಒಂದು ಮುದ್ರಣಾಲಯದ ಕಾಗದವನ್ನು ತೇವದಿಂದ ಕಾಪಾಡುವುದಕ್ಕಾಗಿ ಇತ್ತು. ಆ ಯಂತ್ರ ಕಾಗದದಿಂದ ಬಟ್ಟೆಗೆ, ಬಟ್ಟೆಯಿಂದ ಚಿತ್ರಮಂದಿರಕ್ಕೆ, ಅಲ್ಲಿಂದ ಕೊನೆಗೆ ಮನೆಯ ಕೊಠಡಿಗೆ ಬರಲು ಸುಮಾರು ಅರ್ಧ ಶತಮಾನವೇ ಹಿಡಿಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಈರಿ ಸರೋವರದ ಸಮೀಪವಿರುವ ಆಂಗೋಲಾ ಎಂಬ ಹಳ್ಳಿಯಲ್ಲಿ ಕ್ಯಾರಿಯರ್ ಜನಿಸಿದರು. (ಆಫ್ರಿಕಾದ ಅಂಗೋಲಾ ದೇಶಕ್ಕೂ ಈ ಊರಿಗೂ ಸಂಬಂಧವಿಲ್ಲ.) ತಂದೆ ಡ್ಯುವೇನ್ ಕ್ಯಾರಿಯರ್, ತಾಯಿ ಎಲಿಜಬೆತ್ ಹ್ಯಾವಿಲೆಂಡ್. ಒಬ್ಬನೇ ಮಗನಾದ ವಿಲ್ಲಿಸ್ ಕೃಷಿಕ ಕುಟುಂಬದಲ್ಲಿ, ಹೆಚ್ಚಾಗಿ ಹಿರಿಯರ ನಡುವೆಯೇ ಬೆಳೆದನು. ತಾಯಿಗೆ ಯಂತ್ರಗಳೆಂದರೆ ಸಹಜವಾದ ಒಲವಿತ್ತು. ಮನೆಯ ಗಡಿಯಾರ, ಹೊಲಿಗೆಯಂತ್ರಗಳು ಕೆಟ್ಟರೆ ಆಕೆಯೇ ಬಿಚ್ಚಿ ಸರಿಪಡಿಸುತ್ತಿದ್ದರು.

ಬಾಲಕನಿಗೆ ಭಿನ್ನರಾಶಿ ಅರ್ಥವಾಗದೆ ಕಂಗಾಲಾಗಿದ್ದಾಗ ತಾಯಿ ಅವನನ್ನು ನೆಲಮಾಳಿಗೆಗೆ ಕಳುಹಿಸಿ ಸೇಬುಹಣ್ಣುಗಳನ್ನು ತರಿಸಿದರು. ಹಣ್ಣನ್ನು ಅರ್ಧ, ಕಾಲು, ಅರೆಕಾಲು ಭಾಗಗಳಾಗಿ ಕತ್ತರಿಸಿ, ಕೂಡಿಸಿ ಕಳೆದು ತೋರಿಸಿದರು. ಕಠಿಣವಾದ ಸಮಸ್ಯೆಯನ್ನು ಕೈಗೆ ಸಿಗುವಷ್ಟು ಚಿಕ್ಕ ತುಂಡುಗಳಾಗಿ ಒಡೆದುಕೊಳ್ಳಬೇಕೆಂಬ ಪಾಠವನ್ನು ತಾನು ಕಲಿತದ್ದು ಅಲ್ಲೇ ಎಂದು ಕ್ಯಾರಿಯರ್ ಮುಂದೆ ನೆನೆಯುತ್ತಿದ್ದರು. ಆ ತಾಯಿ ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡರು.

1893ರಲ್ಲಿ ಅಮೆರಿಕವನ್ನು ಬಾಧಿಸಿದ ಆರ್ಥಿಕ ಮುಗ್ಗಟ್ಟಿನಿಂದ ಕೃಷಿಕ ಕುಟುಂಬಗಳು ತತ್ತರಿಸಿದವು. ಕ್ಯಾರಿಯರರ ಕಾಲೇಜು ವ್ಯಾಸಂಗ ಮುಂದೆ ಬಿತ್ತು. ಆ ಅವಧಿಯಲ್ಲಿ ಅವರು ಸ್ಥಳೀಯ ಶಾಲೆಗಳಲ್ಲಿ ಉಪಾಧ್ಯಾಯರಾಗಿ ದುಡಿದರು. ಅವರ ಜೀವನಚರಿತ್ರೆಗಳಲ್ಲಿ ಈ ವರ್ಷಗಳಿಗೆ ಒಂದೆರಡು ಸಾಲು ಮಾತ್ರ ಸಿಗುತ್ತದೆ. ಆದರೆ ಮುಂದೆ ತಮ್ಮ ಶಾಸ್ತ್ರವನ್ನು ಕೋಷ್ಟಕ, ರೇಖಾಪಟಗಳ ಮೂಲಕ ಇತರರಿಗೆ ತಿಳಿಯುವಂತೆ ಬಿಡಿಸಿ ಹೇಳಿದ ಅವರ ರೀತಿಯಲ್ಲಿ ಹಳ್ಳಿಯ ಮೇಷ್ಟರ ಅಭ್ಯಾಸ ಕಾಣದೆ ಇರುವುದಿಲ್ಲ. 1897ರಲ್ಲಿ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದರು. ಊಟ, ವಸತಿಯ ಖರ್ಚಿಗಾಗಿ ಹುಲ್ಲು ಕತ್ತರಿಸುವುದು, ಮನೆಗಳ ಒಲೆಗಳನ್ನು ನೋಡಿಕೊಳ್ಳುವುದು ಮೊದಲಾದ ಕೆಲಸಗಳನ್ನು ಮಾಡಿದರು. 1901ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು.

ಕಾಗದದ ಸಮಸ್ಯೆ

ಪದವಿಯ ನಂತರ ಕ್ಯಾರಿಯರ್ ಬಫಲೋ ನಗರದ ಬಫಲೋ ಫೋರ್ಜ್ ಕಂಪನಿಯಲ್ಲಿ ವಾರಕ್ಕೆ 10 ಡಾಲರ್ ಸಂಬಳದ ಕೆಲಸಕ್ಕೆ ಸೇರಿದರು. ಗಾಳಿಯೂದುವ ಯಂತ್ರಗಳನ್ನೂ ಕಟ್ಟಡಗಳನ್ನು ಬೆಚ್ಚಗಿಡುವ ಸಾಧನಗಳನ್ನೂ ತಯಾರಿಸುತ್ತಿದ್ದ ಕಂಪನಿಯದು. ಮರ ಮತ್ತು ಕಾಫಿಯನ್ನು ಒಣಗಿಸುವ ವ್ಯವಸ್ಥೆಗಳ ವಿನ್ಯಾಸ ಅವರ ಮೊದಲ ಕೆಲಸಗಳಲ್ಲಿ ಸೇರಿತ್ತು. ಒಂದು ಬಿಸಿ ಕೊಳವೆಯ ಮೇಲೆ ಹಾದುಹೋಗುವ ಗಾಳಿ ಎಷ್ಟು ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದಕ್ಕೂ ಆ ಕಾಲದಲ್ಲಿ ನಂಬಲರ್ಹವಾದ ಅಂಕಿಅಂಶಗಳಿರಲಿಲ್ಲ. ಅಂದಾಜಿನ ಮೇಲೆ ಯಂತ್ರ ಕಟ್ಟುವುದು ಕ್ಯಾರಿಯರರಿಗೆ ಒಗ್ಗಲಿಲ್ಲ. ತಾವೇ ಪ್ರಯೋಗಗಳನ್ನು ನಡೆಸಿ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಅದರ ಪ್ರಯೋಜನವನ್ನು ಕಂಡ ಕಂಪನಿ ಅವರಿಗೆ ಸಂಶೋಧನೆಯ ಹೊಣೆಯನ್ನು ವಹಿಸಿತು.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯದ ತೊಂದರೆ ಅವರ ಮೇಜಿಗೆ ಬಂದಿತು. ಬಣ್ಣದ ಚಿತ್ರಗಳನ್ನು ಅಚ್ಚು ಹಾಕುವಾಗ ಒಂದೊಂದು ಬಣ್ಣಕ್ಕೂ ಅದೇ ಹಾಳೆಯನ್ನು ಪ್ರತ್ಯೇಕವಾಗಿ ಯಂತ್ರದಲ್ಲಿ ಹಾಯಿಸಬೇಕು. ಕಾಗದ ತೇವವನ್ನು ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೆಳಿಗ್ಗೆ ಹಳದಿ ಬಣ್ಣ ಬಿದ್ದ ಹಾಳೆ ಮಧ್ಯಾಹ್ನ ಕೆಂಪು ಬಣ್ಣಕ್ಕೆ ಬರುವಷ್ಟರಲ್ಲಿ ಕೂದಲೆಳೆಯಷ್ಟು ಬದಲಾಗಿದ್ದರೂ ಸಾಕು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಚಿತ್ರ ಕೆಡುತ್ತಿತ್ತು. ನ್ಯೂಯಾರ್ಕಿನ ಬೇಸಿಗೆಯ ಹಸಿಗಾಳಿಯಿಂದ ಹಾಳೆಗಳು ರಾಶಿ ರಾಶಿಯಾಗಿ ವ್ಯರ್ಥವಾಗುತ್ತಿದ್ದವು.

ಆಗ ಇಪ್ಪತ್ತೈದು ವರ್ಷದವರಾಗಿದ್ದ ಕ್ಯಾರಿಯರ್ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವವನ್ನು ಇಳಿಸುವ ವ್ಯವಸ್ಥೆಯೊಂದನ್ನು ರೂಪಿಸಿದರು. ಅದರ ನಕ್ಷೆಯ ಮೇಲಿರುವ ದಿನಾಂಕ 17 ಜುಲೈ 1902. ಈ ದಿನವನ್ನೇ ಆಧುನಿಕ ಹವಾನಿಯಂತ್ರಣದ ಜನ್ಮದಿನವೆಂದು ಪರಿಗಣಿಸಲಾಗುತ್ತದೆ. ಕೊಠಡಿಯ ಉಷ್ಣತೆ ಬೇಸಿಗೆಯಲ್ಲಿ 80 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 27 ಡಿಗ್ರಿ ಸೆಲ್ಸಿಯಸ್), ಚಳಿಗಾಲದಲ್ಲಿ 70 ಡಿಗ್ರಿ (ಸುಮಾರು 21 ಡಿಗ್ರಿ ಸೆಲ್ಸಿಯಸ್) ಇರಬೇಕು. ಸಾಪೇಕ್ಷ ಆರ್ದ್ರತೆ ಮಾತ್ರ ವರ್ಷವಿಡೀ 55 ಪ್ರತಿಶತದಲ್ಲೇ ನಿಲ್ಲಬೇಕು ಎಂಬುದು ಗುರಿಯಾಗಿತ್ತು. ಉಷ್ಣತೆ ಬದಲಾಗಬಹುದು, ತೇವ ಬದಲಾಗಬಾರದು ಎಂಬ ಈ ಷರತ್ತೇ ಕ್ಯಾರಿಯರರ ಕೆಲಸವನ್ನು ಅವರಿಗಿಂತ ಹಿಂದಿನವರ ಕೆಲಸದಿಂದ ಬೇರ್ಪಡಿಸುತ್ತದೆ. ಗಾಳಿಯನ್ನು ತಂಪುಮಾಡುವ ಪ್ರಯತ್ನಗಳು ಮೊದಲೂ ನಡೆದಿದ್ದವು. ಫ್ಲಾರಿಡಾದ ವೈದ್ಯ ಜಾನ್ ಗೋರಿ ಜ್ವರಪೀಡಿತರ ಕೊಠಡಿಗಳನ್ನು ಮಂಜುಗಡ್ಡೆಯಿಂದ ತಂಪುಮಾಡಲು ಯತ್ನಿಸಿ, 1851ರಲ್ಲಿ ಮಂಜುಗಡ್ಡೆ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಆದ್ದರಿಂದ ಕ್ಯಾರಿಯರರನ್ನು ತಂಪಿನ ಸಂಶೋಧಕರೆನ್ನುವುದಕ್ಕಿಂತ ಗಾಳಿಯ ತೇವವನ್ನು ಲೆಕ್ಕಕ್ಕೆ ತಂದವರೆನ್ನುವುದು ಹೆಚ್ಚು ಸರಿ.

ಮಂಜಿನ ರಾತ್ರಿ

ಮೊದಲ ವ್ಯವಸ್ಥೆ ಅವರಿಗೆ ಪೂರ್ಣ ತೃಪ್ತಿಯನ್ನು ಕೊಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದಾಗ ಸುತ್ತಲೂ ದಟ್ಟವಾದ ಮಂಜು ಕವಿದಿತ್ತು. ಮಂಜೆಂದರೆ ನೀರಾವಿಯಿಂದ ತುಂಬಿ ಇನ್ನು ಹಿಡಿಸಲಾರದ ಸ್ಥಿತಿಗೆ ಬಂದ ಗಾಳಿ. ಆದರೂ ತಣ್ಣಗಿರುವುದರಿಂದ ಅದರಲ್ಲಿರುವ ಆವಿಯ ಪ್ರಮಾಣ ಕಡಿಮೆಯೇ ಎಂಬುದನ್ನು ಅವರು ಅಲ್ಲಿ ಯೋಚಿಸಿದರು. ಗಾಳಿಯನ್ನು ನೀರಿನ ತುಂತುರಿನಲ್ಲಿ ಹಾಯಿಸಿ ಪೂರ್ಣ ತೇವಗೊಳಿಸಿ, ಆ ಹೊತ್ತಿನ ಉಷ್ಣತೆಯನ್ನು ಹತೋಟಿಯಲ್ಲಿಟ್ಟರೆ ಬೇಕಾದಷ್ಟೇ ಆವಿಯುಳ್ಳ ಗಾಳಿಯನ್ನು ಪಡೆಯಬಹುದೆಂಬುದು ಅವರಿಗೆ ಹೊಳೆಯಿತು.

ನೀರು ಚಿಮುಕಿಸಿ ಗಾಳಿಯನ್ನು ಒಣಗಿಸುವುದು ಕೇಳಲು ವಿಪರೀತವೆನಿಸುತ್ತದೆ. ಲೆಕ್ಕ ಸರಳ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 10 ಡಿಗ್ರಿಯಲ್ಲಿ ಹಿಡಿಯುವುದು 9 ಗ್ರಾಂ ಮಾತ್ರ. ಬೇಸಿಗೆಯ ಹಸಿಗಾಳಿಯನ್ನು 10 ಡಿಗ್ರಿಯ ತಣ್ಣೀರಿನ ತುಂತುರಿನಲ್ಲಿ ಹಾಯಿಸಿದರೆ ಹೆಚ್ಚುವರಿ ಆವಿಯೆಲ್ಲ ನೀರಾಗಿ ಆ ಹನಿಗಳನ್ನೇ ಸೇರುತ್ತದೆ. ಹಾಗೆ ಹೊರಬಂದ ಗಾಳಿಯನ್ನು ಮತ್ತೆ 21 ಡಿಗ್ರಿಗೆ ಏರಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಹೆಚ್ಚುಕಡಿಮೆ 50 ಪ್ರತಿಶತಕ್ಕೆ ನಿಲ್ಲುತ್ತದೆ. ಚಳಿಗಾಲದ ಒಣಹವೆಯಲ್ಲಿ ಅದೇ ಯಂತ್ರ ಬೆಚ್ಚನೆಯ ನೀರಿನಿಂದ ಗಾಳಿಗೆ ತೇವವನ್ನು ಕೊಡುತ್ತದೆ. ಈ ಸಾಧನಕ್ಕೆ 2 ಜನವರಿ 1906ರಂದು ಅವರಿಗೆ ಅಮೆರಿಕದ 808,897ನೆಯ ಸಂಖ್ಯೆಯ ಪೇಟೆಂಟ್ ದೊರೆಯಿತು.

ಹವಾನಿಯಂತ್ರಣಕ್ಕೆ ಇಂಗ್ಲಿಷಿನಲ್ಲಿರುವ ಏರ್ ಕಂಡೀಷನಿಂಗ್ ಎಂಬ ಹೆಸರು ಕ್ಯಾರಿಯರರದಲ್ಲ. ಉತ್ತರ ಕೆರೊಲಿನಾದ ಬಟ್ಟೆ ಗಿರಣಿಗಳ ಇಂಜಿನಿಯರ್ ಸ್ಟೂವರ್ಟ್ ಕ್ರೇಮರ್ 1906ರಲ್ಲಿ ಅದನ್ನು ಮೊದಲು ಬಳಸಿದರು. ನೂಲು ಒಣಗಿದರೆ ತುಂಡಾಗುತ್ತದೆ. ಆದ್ದರಿಂದ ಗಿರಣಿಗೆ ಬೇಕಾದದ್ದು ತೇವವುಳ್ಳ ಗಾಳಿ. ಮುದ್ರಣಾಲಯದಲ್ಲಿ ತೇವವನ್ನು ಕಳೆದ ಅದೇ ತತ್ತ್ವ ಗಿರಣಿಯಲ್ಲಿ ತೇವವನ್ನು ಕೂಡಿಸಿತು. ಮುಂದಿನ ವರ್ಷಗಳಲ್ಲಿ ರೇಷ್ಮೆ, ಚಲನಚಿತ್ರದ ಫಿಲ್ಮ್, ತಂಬಾಕು, ಔಷಧಿಯ ಕ್ಯಾಪ್ಸೂಲ್ ಮುಂತಾದ ಉದ್ಯಮಗಳು ಕ್ಯಾರಿಯರರ ಬಾಗಿಲಿಗೆ ಬಂದವು. ಈ ಎಲ್ಲ ಕಡೆ ಸರಕಿನ ಹಿತವೇ ಮುಖ್ಯವಾಗಿತ್ತು. ಅಲ್ಲಿ ದುಡಿಯುತ್ತಿದ್ದವರಿಗೆ ಸಿಕ್ಕಿದ ಸುಖ ಅಥವಾ ಕಷ್ಟ ಲೆಕ್ಕದಲ್ಲಿರಲಿಲ್ಲ.

1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ ಕ್ಯಾರಿಯರ್ ಗಾಳಿಯ ಉಷ್ಣತೆ, ತೇವ ಮತ್ತು ಇಬ್ಬನಿಬಿಂದುಗಳ ಸಂಬಂಧವನ್ನು ವಿವರಿಸುವ ಸೂತ್ರಗಳನ್ನು ಮಂಡಿಸಿದರು. ಅವುಗಳ ಆಧಾರದ ಮೇಲೆ ರಚಿತವಾದ ಆರ್ದ್ರತಾ ರೇಖಾಪಟವನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಈಗಲೂ ಅಭ್ಯಾಸ ಮಾಡುತ್ತಾರೆ. ಯಂತ್ರಗಳೆಲ್ಲ ಹಳತಾಗಿ ಮೂಲೆ ಸೇರಿದರೂ ಈ ಪಟ ಉಳಿದಿದೆ.

ಸ್ವಂತ ಸಂಸ್ಥೆ

ಬಫಲೋ ಫೋರ್ಜ್ ಕಂಪನಿ ಕ್ಯಾರಿಯರರ ಹೆಸರಿನಲ್ಲೇ ಒಂದು ಅಂಗಸಂಸ್ಥೆಯನ್ನು ನಡೆಸುತ್ತಿತ್ತು. 1914ರಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಕಂಪನಿ ಎಚ್ಚರಿಕೆಯ ಹಾದಿ ಹಿಡಿದು, ತಯಾರಿಕೆಯನ್ನಷ್ಟೇ ಉಳಿಸಿಕೊಂಡು ಆ ಅಂಗಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು. ಎರಡು ವರ್ಷಗಳ ಹಿಂದಷ್ಟೇ, 1912ರಲ್ಲಿ, ಕ್ಯಾರಿಯರರ ಪತ್ನಿ ಈಡಿತ್ ಸೆಮೂರ್ ತೀರಿಕೊಂಡಿದ್ದರು. 1913ರಲ್ಲಿ ಅವರು ಜೆನ್ನಿ ಮಾರ್ಟಿನ್ ಅವರನ್ನು ವಿವಾಹವಾಗಿದ್ದರು. ಹೊಸ ಸಂಸಾರ, ಅನಿಶ್ಚಿತವಾದ ಕೆಲಸ, ಜಗತ್ತಿನ ಯುದ್ಧ ಇವುಗಳ ನಡುವೆ ಮೂವತ್ತೆಂಟರ ವಯಸ್ಸಿನಲ್ಲಿ ಅವರು ದೊಡ್ಡ ಸಾಹಸಕ್ಕೆ ಕೈಹಾಕಿದರು. ಸ್ನೇಹಿತ ಇರ್ವಿನ್ ಲೈಲ್ ಸೇರಿದಂತೆ ಏಳು ಮಂದಿ ಇಂಜಿನಿಯರುಗಳು ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿ, 32,600 ಡಾಲರ್ ಬಂಡವಾಳದಿಂದ 1915ರ ಜೂನ್‌ನಲ್ಲಿ ಕ್ಯಾರಿಯರ್ ಇಂಜಿನಿಯರಿಂಗ್ ಕಾರ್ಪೊರೇಷನ್ ಅನ್ನು ಸ್ಥಾಪಿಸಿದರು.

ಈ ಕಾಲದ ಯಂತ್ರಗಳಲ್ಲಿ ದೊಡ್ಡ ತೊಡಕಾಗಿದ್ದುದು ಶೀತಕದ್ರವ. ಸಾಮಾನ್ಯವಾಗಿ ಬಳಸುತ್ತಿದ್ದ ಅಮೋನಿಯಾ ವಿಷಕಾರಿ. ಕಾರ್ಖಾನೆಯಲ್ಲಿ ಸೋರಿದರೆ ಅಪಾಯ, ಜನ ಕಿಕ್ಕಿರಿದ ಸಭಾಂಗಣದಲ್ಲಿ ಸೋರಿದರೆ ದುರಂತ. 1922ರಲ್ಲಿ ಕ್ಯಾರಿಯರ್ ಅಪಕೇಂದ್ರ ಕಂಪ್ರೆಸರ್ ಬಳಸುವ ಶೈತ್ಯಯಂತ್ರವನ್ನು ಪ್ರದರ್ಶಿಸಿದರು. ಅದು ಹಿಂದಿನವುಗಳಿಗಿಂತ ಚಿಕ್ಕದು, ಸರಳವಾದದ್ದು. ಅದರಲ್ಲಿ ಅಮೋನಿಯಾದ ಬದಲು ಡೈಲೀನ್ ಎಂಬ ದ್ರವವನ್ನು ಬಳಸಲಾಗಿತ್ತು. ನ್ಯೂಯಾರ್ಕ್ ನಗರದ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ಆ ದ್ರವವನ್ನು ಪಾತ್ರೆಗೆ ಸುರಿದು, ಉರಿಯುವ ಕಡ್ಡಿಯನ್ನು ಅದರಲ್ಲಿ ಹಾಕಿ, ಅದು ಸ್ಫೋಟಿಸುವುದಿಲ್ಲವೆಂದು ಕ್ಯಾರಿಯರ್ ತೋರಿಸಿಕೊಟ್ಟರೆಂದೂ ಅಧಿಕಾರಿ ಅದರಿಂದ ಸಿಟ್ಟಾದರೆಂದೂ ಹೇಳಲಾಗುತ್ತದೆ.

ಜನರ ಬಳಿಗೆ

1924ರಲ್ಲಿ ಡೆಟ್ರಾಯಿಟ್ ನಗರದ ಹಡ್ಸನ್ ಮಳಿಗೆಯ ನೆಲಮಾಳಿಗೆಯಲ್ಲಿ ಈ ಯಂತ್ರಗಳನ್ನು ಅಳವಡಿಸಲಾಯಿತು. ರಿಯಾಯಿತಿ ಮಾರಾಟದ ದಿನಗಳಲ್ಲಿ ಅಲ್ಲಿಯ ಉಸಿರುಗಟ್ಟುವ ಸೆಕೆಗೆ ಗಿರಾಕಿಗಳು ತಲೆಸುತ್ತಿ ಬೀಳುತ್ತಿದ್ದರು.

ಇದಕ್ಕಿಂತ ಹೆಚ್ಚು ಹೆಸರಾದದ್ದು 1925ರ ಬೇಸಿಗೆಯ ಆರಂಭದಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ನಡೆದ ಪ್ರದರ್ಶನ. ಅಂದಿನ ಚಿತ್ರಮಂದಿರಗಳು ಬೇಸಿಗೆಯಲ್ಲಿ ಖಾಲಿ ಹೊಡೆಯುತ್ತಿದ್ದವು. ಕೆಲವರು ತಣ್ಣನೆಯ ಗಾಳಿಯನ್ನು ನೆಲಮಟ್ಟದಿಂದ ಊದಿಸುತ್ತಿದ್ದರು. ಅದರಿಂದ ಪ್ರೇಕ್ಷಕರ ಕಾಲು ಮರಗಟ್ಟುತ್ತಿತ್ತು, ತಲೆಗೆ ಸೆಕೆ ತಪ್ಪುತ್ತಿರಲಿಲ್ಲ. ಕ್ಯಾರಿಯರ್ ಗಾಳಿಯನ್ನು ಮೇಲ್ಛಾವಣಿಯಿಂದ ನಿಧಾನವಾಗಿ ಇಳಿಸಿ ಆಸನಗಳ ಕೆಳಗಿನಿಂದ ಹಿಂದಕ್ಕೆ ಸೆಳೆಯುವ ಏರ್ಪಾಡು ಮಾಡಿದ್ದರು. ಪ್ರದರ್ಶನವನ್ನು ಪರೀಕ್ಷಿಸಲು ಪ್ಯಾರಾಮೌಂಟ್ ಸಂಸ್ಥೆಯ ಮುಖ್ಯಸ್ಥ ಅಡಾಲ್ಫ್ ಜುಕೊರ್ ಸ್ವತಃ ಬಂದು ಬಾಲ್ಕನಿಯಲ್ಲಿ ಕುಳಿತಿದ್ದರು. ಯಂತ್ರವನ್ನು ಚಾಲೂ ಮಾಡುವುದು ತಡವಾಯಿತು. ಬಾಗಿಲು ತೆರೆದಾಗ ಒಳಗೆ ಸೆಕೆಯೇ ಇತ್ತು; ಜನ ಬೀಸಣಿಗೆಗಳನ್ನು ಬೀಸುತ್ತಲೇ ಆಸನಗಳಲ್ಲಿ ಕುಳಿತರು. ಕ್ಯಾರಿಯರರೂ ಸಂಗಡಿಗರೂ ಹಿಂದೆ ನಿಂತು ಪರದೆಯನ್ನು ಬಿಟ್ಟು ಬೀಸಣಿಗೆಗಳನ್ನೇ ನೋಡುತ್ತಿದ್ದರು. ಗಾಳಿ ನಿಧಾನವಾಗಿ ತಂಪಾಗತೊಡಗಿದಂತೆ ಒಂದೊಂದೇ ಬೀಸಣಿಗೆ ಮಡಿಲಿಗೆ ಇಳಿಯಿತು. ಕೊನೆಗೆ ರೂಢಿಯಿಂದ ಬೀಸುತ್ತಿದ್ದ ಕೆಲವರದು ಮಾತ್ರ ಉಳಿಯಿತು, ಅದೂ ನಿಂತಿತು. ಜನರಿಗೆ ಇದು ಹಿಡಿಸುತ್ತದೆಂದು ಜುಕೊರ್ ಒಪ್ಪಿಕೊಂಡರು. 1930ರ ವೇಳೆಗೆ ಕ್ಯಾರಿಯರ್ ಸಂಸ್ಥೆ ಸುಮಾರು 300 ಚಿತ್ರಮಂದಿರಗಳಿಗೆ ತನ್ನ ವ್ಯವಸ್ಥೆಯನ್ನು ಒದಗಿಸಿತ್ತು. ಅಮೆರಿಕದ ಸಂಸತ್ತಿನ ಕೆಳಮನೆಗೆ 1928ರಲ್ಲೂ ಸೆನೆಟ್‌ಗೆ 1929ರಲ್ಲೂ ಹವಾನಿಯಂತ್ರಣ ಬಂದಿತು.

ಮನೆಯ ಹೊಸ್ತಿಲಲ್ಲಿ

ಮನೆಗಳ ವಿಷಯದಲ್ಲಿ ಕ್ಯಾರಿಯರರ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. ಮನೆಯೊಂದಕ್ಕೆ ಹವಾನಿಯಂತ್ರಣವನ್ನು ಅಳವಡಿಸಿದ್ದು 1914ರಷ್ಟು ಹಿಂದೆಯೇ, ಮಿನಿಯಾಪೊಲಿಸ್ ನಗರದ ಚಾರ್ಲ್ಸ್ ಗೇಟ್ಸ್ ಎಂಬ ಧನಿಕನ ಬಂಗಲೆಯಲ್ಲಿ. ಆ ಯಂತ್ರದ ಉದ್ದ 20 ಅಡಿ, ಎತ್ತರ ಸುಮಾರು 7 ಅಡಿ. ಆದರೆ ಬಂಗಲೆ ಪೂರ್ಣವಾಗುವ ಮೊದಲೇ, 1913ರಲ್ಲಿ, ಗೇಟ್ಸ್ ತೀರಿಕೊಂಡಿದ್ದ. ಅಲ್ಲಿ ವಾಸಿಸಿದವರೇ ವಿರಳವಾದ್ದರಿಂದ ಯಂತ್ರವನ್ನು ಬಹುಶಃ ಬಳಸಲೇ ಇಲ್ಲ. 1928ರಲ್ಲಿ ಸಾಮಾನ್ಯ ಮನೆಗಳಿಗೆಂದು ವೆದರ್‌ಮೇಕರ್ ಎಂಬ ಯಂತ್ರವನ್ನು ಸಂಸ್ಥೆ ಹೊರತಂದಿತು. ಮರುವರ್ಷವೇ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಆರಂಭವಾಯಿತು. ಅನ್ನಕ್ಕೇ ಪರದಾಡುವ ಮನೆಗಳು ತಂಪಿಗೆ ಹಣ ತೆರಲಾರದಾದವು. 1930ರಲ್ಲಿ ಸಂಸ್ಥೆ ಬೇರೆ ಎರಡು ಕಂಪನಿಗಳೊಡನೆ ವಿಲೀನಗೊಂಡು ಕ್ಯಾರಿಯರ್ ಕಾರ್ಪೊರೇಷನ್ ಆಯಿತು. 1937ರಲ್ಲಿ ಸಿರಕ್ಯೂಸ್ ನಗರಕ್ಕೆ ಸ್ಥಳಾಂತರಗೊಂಡಿತು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಹಿಮದ ಗೂಡಿನ ಆಕಾರದ ಮಂಟಪವೊಂದನ್ನು ಕಟ್ಟಿ, ಬೇಸಿಗೆಯಲ್ಲಿ ಬೆವರುತ್ತಾ ಬಂದ ಸಂದರ್ಶಕರಿಗೆ ತಂಪಾದ ಗಾಳಿ ಹೇಗಿರುತ್ತದೆಂಬುದನ್ನು ಉಣಬಡಿಸಲಾಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಮನೆಯ ಯಂತ್ರ ಮತ್ತೆ ಹಿಂದೆ ಬಿದ್ದಿತು. ಯುದ್ಧಕಾಲದಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ, ವಿಮಾನಗಳು ಎತ್ತರದ ಆಕಾಶದಲ್ಲಿ ಎದುರಿಸುವ ಕೊರೆಯುವ ಚಳಿಯನ್ನು ಕೃತಕವಾಗಿ ಸೃಷ್ಟಿಸುವ ವಾಯುಸುರಂಗಕ್ಕೆ ಶೈತ್ಯವ್ಯವಸ್ಥೆಯನ್ನು ಒದಗಿಸಿದ್ದನ್ನು ಕ್ಯಾರಿಯರ್ ತಮ್ಮ ಹಿರಿಯ ಸಾಧನೆಗಳಲ್ಲೊಂದೆಂದು ಭಾವಿಸಿದ್ದರು. ಅಮೆರಿಕದ ಸಾಮಾನ್ಯ ಮನೆಗಳಲ್ಲಿ ಕಿಟಕಿಯ ಹವಾನಿಯಂತ್ರಕಗಳು ವ್ಯಾಪಕವಾದದ್ದು 1950ರ ದಶಕದಲ್ಲಿ, ಅವರ ಮರಣಾನಂತರ.

ಇಂದಿನ ಮನೆಗಳ ಹವಾನಿಯಂತ್ರಕಗಳಲ್ಲಿ ಕಾಣುವ ಹಲವು ತೊಂದರೆಗಳನ್ನು ಕ್ಯಾರಿಯರರ ಲೆಕ್ಕದಿಂದಲೇ ಅರ್ಥಮಾಡಿಕೊಳ್ಳಬಹುದು. ಗೋಡೆಯ ಮೇಲಿನ ಯಂತ್ರದಿಂದ ನೀರು ಬರುವುದು ದೋಷವಲ್ಲ. ಅದು ಕೋಣೆಯ ಗಾಳಿಯಿಂದ ಕಳೆದ ತೇವ. ಹೊರಹೋಗುವ ಕೊಳವೆ ಕಟ್ಟಿಕೊಂಡಾಗ ಮಾತ್ರ ಗೋಡೆಗೆ ಸುರಿಯುತ್ತದೆ. ಜಾಲರಿಯಲ್ಲಿ ಧೂಳು ತುಂಬಿದರೆ ತಂಪು ಸುರುಳಿಯ ಮೇಲೆ ಸಾಕಷ್ಟು ಗಾಳಿ ಹಾಯುವುದಿಲ್ಲ. ಸುರುಳಿ ಅತಿಯಾಗಿ ತಣ್ಣಗಾಗಿ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಕೋಣೆ ಮಾತ್ರ ಸೆಕೆಯಾಗಿಯೇ ಉಳಿಯುತ್ತದೆ. ಶೀತಕ ಅನಿಲ ಕಡಿಮೆಯಾದಾಗಲೂ ಹೀಗೆಯೇ ಆಗುತ್ತದೆ. ಅದು ವಾಹನದ ಇಂಧನದಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆಯೆಂದೇ ಅರ್ಥ. ಕೋಣೆಗೆ ಮೀರಿದ ಸಾಮರ್ಥ್ಯದ ಯಂತ್ರವನ್ನು ಹಾಕಿದರೆ ಅದು ಬೇಗನೆ ತಂಪುಮಾಡಿ ನಿಂತುಬಿಡುತ್ತದೆ. ತೇವವನ್ನು ಕಳೆಯಲು ಸಮಯ ಸಾಲದೆ ಕೋಣೆ ತಣ್ಣಗಿದ್ದರೂ ಮೈ ಅಂಟಂಟಾಗುತ್ತದೆ. ಈ ಸಾಮರ್ಥ್ಯವನ್ನು ಟನ್ ಎಂಬ ಮಾನದಲ್ಲಿ ಹೇಳುವುದು ಮಂಜುಗಡ್ಡೆಯ ಕಾಲದ ಗುರುತು: ಒಂದು ಅಮೆರಿಕನ್ ಟನ್, ಎಂದರೆ ಸುಮಾರು 907 ಕಿಲೋಗ್ರಾಂ, ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖಕ್ಕೆ ಅದು ಸಮ. ಕಲಬುರಗಿಯ ಒಣ ಬಿಸಿಲಿನಲ್ಲಿ ತಂಪನ್ನು ಕೊಡುವ ನೀರಿನ ಏರ್‌ಕೂಲರ್ ಮಂಗಳೂರಿನಲ್ಲಿ ನಿರುಪಯುಕ್ತವಾಗುವುದಕ್ಕೂ ಇದೇ ಶಾಸ್ತ್ರ ಕಾರಣ. ಕರಾವಳಿಯ ಗಾಳಿಯಲ್ಲಿ ಈಗಾಗಲೇ ತೇವ ತುಂಬಿರುವುದರಿಂದ ಕೂಲರಿನ ನೀರು ಆವಿಯಾಗಲು ಅವಕಾಶವೇ ಇರುವುದಿಲ್ಲ.

ವ್ಯಕ್ತಿತ್ವ

ಕ್ಯಾರಿಯರ್ ಲೆಕ್ಕದಲ್ಲಿ ಮುಳುಗಿದರೆ ಲೋಕವನ್ನೇ ಮರೆಯುವ ಸ್ವಭಾವದವರು. ಒಮ್ಮೆ ಪ್ರವಾಸಕ್ಕೆ ಒಯ್ದ ಪೆಟ್ಟಿಗೆಯನ್ನು ತೆರೆದಾಗ ಅದರೊಳಗೆ ಒಂದು ಕರವಸ್ತ್ರ ಮಾತ್ರವಿತ್ತೆಂಬ ಕಥೆಯಿದೆ. ಅವರ ಬದುಕಿನ ಇನ್ನೊಂದು ಪ್ರಸಂಗವನ್ನು ಲೇಖಕ ಡೇಲ್ ಕಾರ್ನೆಗಿ ಚಿಂತೆಯನ್ನು ಗೆಲ್ಲುವ ಬಗೆಗಿನ ತಮ್ಮ ಪುಸ್ತಕದ ಮೂಲಕ ಪ್ರಚುರಪಡಿಸಿದರು. ಯುವಕರಾಗಿದ್ದಾಗ ಕ್ಯಾರಿಯರ್ ಮಿಸ್ಸೂರಿ ರಾಜ್ಯದ ಗಾಜಿನ ಕಾರ್ಖಾನೆಯೊಂದರಲ್ಲಿ ಅನಿಲವನ್ನು ಶುದ್ಧೀಕರಿಸುವ ಯಂತ್ರವನ್ನು ಕೂರಿಸಿದ್ದರು. ಅದು ಕೊಟ್ಟ ಭರವಸೆಯಂತೆ ಕೆಲಸ ಮಾಡಲಿಲ್ಲ. ಹಲವು ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಕೊನೆಗೆ ಹೆಚ್ಚೆಂದರೆ ಏನಾದೀತೆಂದು ತಮ್ಮನ್ನೇ ಕೇಳಿಕೊಂಡರು: ಕಂಪನಿಗೆ 20,000 ಡಾಲರ್ ನಷ್ಟವಾದೀತು, ತಮ್ಮ ಕೆಲಸ ಹೋದೀತು. ಅದನ್ನು ಮನಸ್ಸಿನಲ್ಲೇ ಒಪ್ಪಿಕೊಂಡ ಮೇಲೆ ತಲೆ ತಿಳಿಯಾಯಿತು. ಇನ್ನೂ 5,000 ಡಾಲರ್ ಬೆಲೆಯ ಉಪಕರಣವನ್ನು ಸೇರಿಸಿದರೆ ಯಂತ್ರ ಸರಿಹೋಗುತ್ತದೆಂದು ಕಂಡುಕೊಂಡರು, ಹಾಗೆಯೇ ಆಯಿತು.

ಜೆನ್ನಿ 1939ರಲ್ಲಿ ನಿಧನರಾದರು. 1941ರಲ್ಲಿ ಅವರು ಎಲಿಜಬೆತ್ ವೈಸ್ ಅವರನ್ನು ವಿವಾಹವಾದರು. ಕ್ಯಾರಿಯರ್ ಇಬ್ಬರು ಗಂಡುಮಕ್ಕಳನ್ನು ದತ್ತು ಪಡೆದಿದ್ದರು.

ನಿಧನ ಮತ್ತು ನಂತರ

ಅನಾರೋಗ್ಯದಿಂದ 1948ರಲ್ಲಿ ಸಂಸ್ಥೆಯ ಸಕ್ರಿಯ ಹೊಣೆಯಿಂದ ನಿವೃತ್ತರಾದ ಕ್ಯಾರಿಯರ್ 7 ಅಕ್ಟೋಬರ್ 1950ರಂದು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು. ಅವರ ಹೆಸರಿನಲ್ಲಿ 80ಕ್ಕೂ ಹೆಚ್ಚು ಪೇಟೆಂಟುಗಳಿದ್ದವು. 1985ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವಪಟ್ಟಿಗೆ ಅವರನ್ನು ಸೇರಿಸಲಾಯಿತು. ಟೈಮ್ ಪತ್ರಿಕೆ 1998ರಲ್ಲಿ ಇಪ್ಪತ್ತನೆಯ ಶತಮಾನದ ಪ್ರಭಾವಶಾಲಿ ವ್ಯಕ್ತಿಗಳ ಪಟ್ಟಿಯಲ್ಲಿ ಅವರನ್ನು ಹೆಸರಿಸಿತು.

ಅವರು ಬಿಟ್ಟುಹೋದ ಶಾಸ್ತ್ರದ ಇನ್ನೊಂದು ಮುಖ ಬೆಳಕಿಗೆ ಬಂದದ್ದು ತಡವಾಗಿ. 1930ರ ದಶಕದಿಂದ ಬಳಕೆಗೆ ಬಂದ ಫ್ರಿಯಾನ್ ಮುಂತಾದ ಶೀತಕಗಳು ಮನುಷ್ಯರಿಗೆ ವಿಷವಲ್ಲದಿದ್ದರೂ ಓಜೋನ್ ಪದರವನ್ನು ಕೊರೆಯುತ್ತಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವುಗಳನ್ನು ಹಂತಹಂತವಾಗಿ ಕೈಬಿಡಲಾಯಿತು. ಕೋಣೆಯಿಂದ ತೆಗೆದ ಶಾಖ ಇಲ್ಲವಾಗುವುದಿಲ್ಲ. ಕಂಪ್ರೆಸರಿನ ಶಾಖವನ್ನೂ ಕೂಡಿಕೊಂಡು ಅದು ಬೀದಿಗೆ ಇಳಿಯುತ್ತದೆ, ಯಂತ್ರವಿಲ್ಲದ ಪಕ್ಕದ ಮನೆಯವರು ಅದನ್ನು ಅನುಭವಿಸುತ್ತಾರೆ.

ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ತೆರೆದ ಬೃಹತ್ ಒಳಾಂಗಣ ಕ್ರೀಡಾಂಗಣಕ್ಕೆ, ಕ್ಯಾರಿಯರ್ ಸಂಸ್ಥೆ ನೀಡಿದ ದೇಣಿಗೆಯ ಕಾರಣ, ಕ್ಯಾರಿಯರ್ ಡೋಮ್ ಎಂದು ಹೆಸರಿಡಲಾಗಿತ್ತು. ಹಲವು ದಶಕಗಳ ಕಾಲ ಅದರಲ್ಲಿ ಹವಾನಿಯಂತ್ರಣದ ವ್ಯವಸ್ಥೆಯೇ ಇರಲಿಲ್ಲ. ಕ್ಯಾರಿಯರರ ಸಮಾಧಿ ಬಫಲೋ ನಗರದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿದೆ.